ಹಳೆಯ ಗಣಕಯಂತ್ರಗಳಿಂದ ಅರ್ಜಿ ಸಲ್ಲಿಸುವವರ ಗಮನಕ್ಕೆ: ತಂತ್ರಾಂಶ ಬೆಂಬಲದ ಕುರಿತು ಮಾಹಿತಿ

ಮನೆಯಲ್ಲಿರುವ ಹಳೆಯ ಗಣಕಯಂತ್ರದ ಮೂಲಕ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಗಣಕಯಂತ್ರವು ಚಾಲನೆಯಲ್ಲಿದೆ ಎಂದ ಮಾತ್ರಕ್ಕೆ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಮುಂತಾದ ವಿವರಗಳನ್ನು ನಮೂದಿಸಲು ಅದು ಸುರಕ್ಷಿತವೆಂದು ಭಾವಿಸತಕ್ಕದ್ದಲ್ಲ.

1. ತಂತ್ರಾಂಶ ಬೆಂಬಲ ಎಂದರೇನು?
ಕಾರ್ಯಾಚರಣಾ ತಂತ್ರಾಂಶದಲ್ಲಿ ಕಂಡುಬರುವ ಭದ್ರತಾ ದೋಷಗಳನ್ನು ತಯಾರಕರು ಕಾಲಕಾಲಕ್ಕೆ ಸರಿಪಡಿಸಿ ಅಪ್‌ಡೇಟ್‌ಗಳನ್ನು ಒದಗಿಸುವುದೇ ಬೆಂಬಲ. ನಿಗದಿತ ದಿನಾಂಕದ ನಂತರ ಇದು ನಿಲ್ಲುತ್ತದೆ. ಯಂತ್ರವು ಮಾತ್ರ ಎಂದಿನಂತೆ ನಡೆಯುತ್ತಿರುತ್ತದೆ.

2. ಬೆಂಬಲ ಮುಕ್ತಾಯವಾದ ವಿಂಡೋಸ್ ಆವೃತ್ತಿಗಳು
- ಎಕ್ಸ್‌ಪಿ: 8 ಏಪ್ರಿಲ್ 2014
- 7: 14 ಜನವರಿ 2020
- 8.1: 10 ಜನವರಿ 2023
- 10: 14 ಅಕ್ಟೋಬರ್ 2025 (ವಿಸ್ತರಿತ ಭದ್ರತಾ ಯೋಜನೆಗೆ ನೋಂದಾಯಿಸಿದ ಗಣಕಗಳನ್ನು ಹೊರತುಪಡಿಸಿ)

3. ಬೆಂಬಲವಿಲ್ಲದಿದ್ದರೆ ಆಗುವ ತೊಂದರೆಯೇನು?
2017ರ ಮೇ ತಿಂಗಳಿನಲ್ಲಿ ‘ವಾನ್ನಾಕ್ರೈ’ ಎಂಬ ಕುತಂತ್ರಾಂಶವು ಸುಮಾರು 150 ದೇಶಗಳಲ್ಲಿ ಗಣಕಗಳ ಕಡತಗಳನ್ನು ತೆರೆಯಲಾಗದಂತೆ ಮಾಡಿ ಹಣಕ್ಕೆ ಬೇಡಿಕೆಯಿಟ್ಟಿತು. ಅದು ಬಳಸಿದ ದೋಷಕ್ಕೆ ಮಾರ್ಚ್ ತಿಂಗಳಿನಲ್ಲಿಯೇ ಪರಿಹಾರ ಬಿಡುಗಡೆಯಾಗಿತ್ತು. ಅದನ್ನು ಅಳವಡಿಸಿಕೊಳ್ಳದ ಗಣಕಗಳು ತೊಂದರೆಗೊಳಗಾದವು. ಬೆಂಬಲ ಮುಗಿದಿದ್ದ ಎಕ್ಸ್‌ಪಿ ಬಳಕೆದಾರರಿಗೆ ದಾಳಿ ಆರಂಭವಾದ ಮೇಲಷ್ಟೇ ವಿಶೇಷ ಪ್ರಕರಣವಾಗಿ ಸಾರ್ವಜನಿಕವಾಗಿ ಪರಿಹಾರ ದೊರೆಯಿತು.

ಅಲ್ಲದೆ, 2023ರ ಫೆಬ್ರವರಿಯಲ್ಲಿ ಬಂದ 110ನೆಯ ಆವೃತ್ತಿಯಿಂದ ಗೂಗಲ್ ಕ್ರೋಮ್ ಬ್ರೌಸರ್ ವಿಂಡೋಸ್ 7 ಮತ್ತು 8.1ರಲ್ಲಿ ಕಾರ್ಯನಿರ್ವಹಿಸುವುದಿಲ್ಲ. ಹಳೆಯ ಬ್ರೌಸರ್‌ನಲ್ಲಿ ಅರ್ಜಿ ನಮೂನೆಯು ಪೂರ್ಣವಾಗಿ ತೆರೆಯದಿರುವ ಸಂಭವವಿದೆ.

4. ಅರ್ಜಿದಾರರು ಕೈಗೊಳ್ಳಬೇಕಾದ ಕ್ರಮಗಳು
(ಅ) ‘ಸೆಟ್ಟಿಂಗ್ಸ್’ನಲ್ಲಿ ‘ಸಿಸ್ಟಮ್’, ನಂತರ ‘ಅಬೌಟ್’ ಆಯ್ದು ಆವೃತ್ತಿಯನ್ನು ಪರಿಶೀಲಿಸುವುದು.
(ಆ) ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಮೆಮೊರಿ, 64 ಜಿಬಿ ಸಂಗ್ರಹ ಸ್ಥಳ ಹಾಗೂ ಟಿಪಿಎಂ 2.0 ಭದ್ರತಾ ಸೌಲಭ್ಯ ಅವಶ್ಯ. ಪ್ರೊಸೆಸರ್ ಸಹ ತಯಾರಕರ ಅನುಮೋದಿತ ಪಟ್ಟಿಯಲ್ಲಿರಬೇಕು.
(ಇ) ಇವು ಇಲ್ಲದ ಗಣಕಗಳಿಗೆ ಉಚಿತವಾಗಿ ದೊರೆಯುವ ಲಿನಕ್ಸ್ ಮಿಂಟ್‌ನಂತಹ ತಂತ್ರಾಂಶವನ್ನು ಅಳವಡಿಸಬಹುದು. ಇದರಲ್ಲಿ ಯುನಿಕೋಡ್ ಕನ್ನಡವನ್ನು ಓದಲು, ಬರೆಯಲು ಸಾಧ್ಯ.
(ಈ) ತಂತ್ರಾಂಶ ಬದಲಾಯಿಸುವ ಮುನ್ನ ಎಲ್ಲಾ ಕಡತಗಳನ್ನು ಪೆನ್‌ಡ್ರೈವ್ ಅಥವಾ ಬೇರೊಂದು ಡಿಸ್ಕ್‌ಗೆ ನಕಲು ಮಾಡಿಕೊಳ್ಳತಕ್ಕದ್ದು. ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಕಡತಗಳು, ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣಿಸುತ್ತವೆ. ಅವುಗಳನ್ನು ಮೊದಲೇ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಸೂಕ್ತ.
(ಉ) ಗಣಕಯಂತ್ರ ಬದಲಾಯಿಸಲು ಅನುಕೂಲವಿಲ್ಲದವರು ಕರ್ನಾಟಕ ಒನ್, ಬೆಂಗಳೂರು ಒನ್ ಅಥವಾ ಗ್ರಾಮ ಒನ್ ಕೇಂದ್ರಗಳಲ್ಲಿ ಲಭ್ಯವಿರುವ ಸೇವೆಗಳಿಗೆ ಅಲ್ಲಿಯೇ ಅರ್ಜಿ ಸಲ್ಲಿಸಬಹುದು.

5. ಎಚ್ಚರಿಕೆ
ತಂತ್ರಾಂಶ ಸರಿಪಡಿಸುವುದಾಗಿ ತಾವಾಗಿಯೇ ದೂರವಾಣಿ ಕರೆ ಮಾಡುವ ಅಪರಿಚಿತರಿಗೆ ಗಣಕಯಂತ್ರದ ನಿಯಂತ್ರಣವನ್ನಾಗಲಿ, ಒಟಿಪಿಯನ್ನಾಗಲಿ ನೀಡಬಾರದು. ಹಣ ಕಳೆದುಕೊಂಡಲ್ಲಿ ವಿಳಂಬ ಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸತಕ್ಕದ್ದು.