ಕುದುರೆ ಕೊಡುವ ನಡಿಗೆ

ಚಾರ್ಮಾಡಿ ಘಾಟಿಯನ್ನು ಹತ್ತಿ ಮಲೆನಾಡಿಗೆ ಬರುವ ಪ್ರಯಾಣಿಕರಿಗೆ ಘಾಟಿಯ ಮೇಲೆ ಸಿಗುವ ಊರು ಕೊಟ್ಟಿಗೆಹಾರ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿಗೆ ಸೇರಿದ ಈ ಸಣ್ಣ ಊರಿನಿಂದ ಒಂದು ದಾರಿ ಮೂಡಿಗೆರೆಯ ಕಡೆಗೂ ಇನ್ನೊಂದು ಕಳಸ, ಹೊರನಾಡುಗಳ ಕಡೆಗೂ ಸಾಗುತ್ತದೆ. ದಾರಿಯ ಎರಡು ಮಗ್ಗುಲಲ್ಲಿಯೂ ಕಾಫಿ ತೋಟಗಳು. ತೋಟಗಳ ನಡುವೆ ಹಳ್ಳಗಳು. ಹಳ್ಳಗಳನ್ನು ದಾಟಿದರೆ ಮತ್ತೆ ಗುಡ್ಡಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯಲ್ಲಿ ಕಾಫಿ ತೋಟಗಳನ್ನು ಮಾಡಿದ ಐರೋಪ್ಯರು ತೋಟದಿಂದ ತೋಟಕ್ಕೆ ಕುದುರೆಯ ಮೇಲೆಯೇ ಹೋಗಿಬರುತ್ತಿದ್ದರು. ಗಾಡಿ ಹೋಗದ ಕಡೆ ಕುದುರೆ ಹೋಗುತ್ತಿತ್ತು. ಮೋಟಾರು ರಸ್ತೆಗಳೂ ಜೀಪುಗಳೂ ಬಂದ ಮೇಲೆ ಕುದುರೆಗೆ ಇಲ್ಲಿ ಕೆಲಸವಿಲ್ಲದಂತಾಯಿತು.

ಇಂತಹ ನೆಲದಲ್ಲಿ ಕಾಲುಗಳು ಹೇಳಿದ ಮಾತು ಕೇಳದ ಮಗುವೊಂದು ಹುಟ್ಟಿದರೆ ಅದರ ಪಾಡು ಬಯಲುಸೀಮೆಯ ಮಗುವಿನ ಪಾಡಿಗಿಂತ ಕಠಿನವಾದದ್ದು. ಗಾಲಿಕುರ್ಚಿಯು ಮನೆಯ ಅಂಗಳದಲ್ಲಿ ಉರುಳೀತು. ತೋಟದ ಕಾಲುದಾರಿಯಲ್ಲಿ ಉರುಳದು. ಮಗು ಚಿಕ್ಕದಾಗಿರುವಷ್ಟು ಕಾಲ ತಾಯಿ ಅದನ್ನು ಸೊಂಟದ ಮೇಲೆ ಹೊತ್ತು ಬಸ್ಸಿನವರೆಗೆ ನಡೆಯುತ್ತಾಳೆ. ಮಗು ಬೆಳೆದಂತೆ ಅದರ ಲೋಕ ಕಿರಿದಾಗುತ್ತ ಹೋಗುತ್ತದೆ.

ಇಂತಹ ಮಗುವನ್ನು ಕುದುರೆಯ ಮೇಲೆ ಕುಳ್ಳಿರಿಸಿದರೆ ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಬಹುದು ಎಂಬುದು ಯಾರಿಗೂ ತೋಚುವ ಸಂಗತಿ. ಆದರೆ ಇಲ್ಲಿ ವಿವರಿಸಬೇಕಾದ ಉಪಯೋಗ ಅದಲ್ಲ. ಇಂದು ಅನೇಕ ದೇಶಗಳಲ್ಲಿ ಅಂಗವೈಕಲ್ಯವುಳ್ಳವರನ್ನು ಕುದುರೆಯ ಮೇಲೆ ಕುಳ್ಳಿರಿಸಿ ಅರ್ಧ ಗಂಟೆಯ ಕಾಲ ಒಂದು ಅಂಗಳದಲ್ಲಿ ಸುತ್ತು ಹಾಕಿಸಿ, ಹತ್ತಿದ ಜಾಗದಲ್ಲಿಯೇ ಇಳಿಸುತ್ತಾರೆ. ನೋಡುವವರಿಗೆ ಇದು ಜಾತ್ರೆಯಲ್ಲಿ ಮಕ್ಕಳನ್ನು ಕುದುರೆ ಹತ್ತಿಸಿ ತಿರುಗಿಸುವ ವಿನೋದದಂತೆ ಕಾಣಬಹುದು. ಎಲ್ಲಿಗೂ ಹೋಗದ ಈ ಸವಾರಿಯಿಂದ ಲಾಭವೇನು?

ಉತ್ತರವಿರುವುದು ಕುದುರೆಯ ನಡಿಗೆಯಲ್ಲಿ. ನಮ್ಮ ಪೂರ್ವಿಕರು ಕುದುರೆಯ ಗತಿಯನ್ನು ಸೂಕ್ಷ್ಮವಾಗಿ ಗಮನಿಸಿದ್ದರು. ಅಮರಕೋಶವು ಅದರ ಐದು ಬಗೆಯ ಗತಿಗಳಿಗೆ ಐದು ಹೆಸರುಗಳನ್ನು ಹೇಳುತ್ತದೆ. ಕುಕ್ಕುಲೋಟ, ನಾಗಾಲೋಟಗಳು ಕವಿಗಳಿಗೂ ಯೋಧರಿಗೂ ಪ್ರಿಯವಾದವು. ಚಿಕಿತ್ಸೆಗೆ ಬೇಕಾದುದು ಮಾತ್ರ ಎಲ್ಲಕ್ಕಿಂತ ನಿಧಾನವಾದ, ಯಾರೂ ಹೆಚ್ಚಾಗಿ ಹೊಗಳದ ಸಾದಾ ನಡಿಗೆ. ಈ ನಡಿಗೆಯಲ್ಲಿ ಕುದುರೆಯ ನಾಲ್ಕು ಗೊರಸುಗಳೂ ಒಂದೊಂದಾಗಿ ನೆಲವನ್ನು ಮುಟ್ಟುತ್ತವೆ. ಹಿಂಗಾಲು ಮುಂದಕ್ಕೆ ಬಂದಾಗಲೆಲ್ಲ ಬೆನ್ನಿನ ಆ ಮಗ್ಗುಲು ಒಮ್ಮೆ ತಗ್ಗಿ ಏಳುತ್ತದೆ. ಬೆನ್ನು ಮುಂದಕ್ಕೂ ಹಿಂದಕ್ಕೂ, ಎಡಕ್ಕೂ ಬಲಕ್ಕೂ ತೂಗುತ್ತದೆ. ಮೇಲೆ ಕುಳಿತವನ ಸೊಂಟವೂ ಅದರೊಡನೆ ತೂಗಲೇಬೇಕು. ಮನುಷ್ಯನು ತನ್ನ ಕಾಲುಗಳ ಮೇಲೆ ನಡೆಯುವಾಗ ಅವನ ಸೊಂಟವು ಹೇಗೆ ಬಾಗಿ, ವಾಲಿ, ತಿರುಗುತ್ತದೆಯೋ ಕುದುರೆಯ ಮೇಲೆ ಕುಳಿತಾಗಲೂ ಬಹುಮಟ್ಟಿಗೆ ಹಾಗೆಯೇ ಬಾಗಿ, ವಾಲಿ, ತಿರುಗುತ್ತದೆ. ನಿಮಿಷಕ್ಕೆ ಸುಮಾರು 100 ಬಾರಿ ಈ ತೂಗು ಸಿಗುತ್ತದೆಂದು ಲೆಕ್ಕ ಹಾಕಿದರೆ ಅರ್ಧ ಗಂಟೆಯಲ್ಲಿ ಅದು 3000 ಬಾರಿಯಾಯಿತು. ತನ್ನ ಜೀವಮಾನದಲ್ಲಿ ಒಂದು ಹೆಜ್ಜೆಯನ್ನೂ ಇಡದ ಮಗುವಿನ ಮೆದುಳಿಗೆ, ಬೆನ್ನುಹುರಿಗೆ, ಸ್ನಾಯುಗಳಿಗೆ ನಡೆಯುವುದೆಂದರೆ ಹೇಗಿರುತ್ತದೆಂಬುದು ಹೀಗೆ ಮೊದಲ ಬಾರಿಗೆ ತಿಳಿಯುತ್ತದೆ.

ಒಂದೊಂದು ತೂಗಿಗೂ ಕುಳಿತವನು ಬೀಳದಂತೆ ತನ್ನ ಮುಂಡವನ್ನು ನೆಟ್ಟಗೆ ಮಾಡಿಕೊಳ್ಳಬೇಕಾಗುತ್ತದೆ. ‘ಬೆನ್ನು ನೇರ ಮಾಡು’ ಎಂದು ಚಿಕಿತ್ಸಕರು ನೂರು ಬಾರಿ ಹೇಳಿದರೂ ಆಗದ ಕೆಲಸವನ್ನು ಕುದುರೆಯು ಮಾತಿಲ್ಲದೆ ಮಾಡಿಸುತ್ತದೆ. ಇದರ ಜೊತೆಗೆ ಇನ್ನೆರಡು ಅನುಕೂಲಗಳುಂಟು. ಸೆರೆಬ್ರಲ್ ಪಾಲ್ಸಿ ಇರುವ ಅನೇಕ ಮಕ್ಕಳ ತೊಡೆಯ ಒಳಭಾಗದ ಸ್ನಾಯುಗಳು ಬಿಗಿದುಕೊಂಡು ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬರುತ್ತವೆ. ಕುದುರೆಯ ಅಗಲವಾದ ಬೆನ್ನು ಅವುಗಳನ್ನು ಮೆಲ್ಲನೆ ಅಗಲಿಸಿ ಹಿಡಿಯುತ್ತದೆ. ಕುದುರೆಯ ಮೈಯ ಉಷ್ಣತೆ ಸುಮಾರು 38 ಡಿಗ್ರಿ ಸೆಲ್ಸಿಯಸ್, ಎಂದರೆ ಮನುಷ್ಯನ ಮೈಗಿಂತ ತುಸು ಹೆಚ್ಚು. ಆ ಬೆಚ್ಚನೆಯ ಸ್ಪರ್ಶಕ್ಕೆ ಬಿಗಿದ ಸ್ನಾಯುಗಳು ಸಡಿಲವಾಗುತ್ತವೆ. ಇದೇ ಕಾರಣದಿಂದ ಚಿಕಿತ್ಸೆಯಲ್ಲಿ ಅನೇಕ ವೇಳೆ ಜೀನನ್ನು ಬಳಸದೆ, ಕುದುರೆಯ ಬೆನ್ನಿಗೆ ಮೆತ್ತನೆಯ ಹೊದಿಕೆಯನ್ನು ಕಟ್ಟಿ ಹಿಡಿಯಿರುವ ಪಟ್ಟಿಯೊಂದನ್ನು ಬಿಗಿಯುತ್ತಾರೆ.

ಈ ಚಿಕಿತ್ಸೆಯ ಕಡೆಗೆ ಜಗತ್ತಿನ ಕಣ್ಣು ತಿರುಗಿದುದು ಒಬ್ಬ ಮಹಿಳೆಯಿಂದ. ಡೆನ್ಮಾರ್ಕ್ ದೇಶದ ಲಿಸ್ ಹಾರ್ಟೆಲ್ ಒಳ್ಳೆಯ ಸವಾರಳೆಂದು ಹೆಸರು ಪಡೆದಿದ್ದಳು. 1944ರಲ್ಲಿ, ಇಪ್ಪತ್ತಮೂರರ ಹರೆಯದಲ್ಲಿ, ತುಂಬು ಬಸುರಿಯಾಗಿದ್ದಾಗ ಆಕೆಗೆ ಪೋಲಿಯೊ ತಗುಲಿತು. ಹುಟ್ಟಿದ ಮಗು ಆರೋಗ್ಯವಾಗಿತ್ತು. ತಾಯಿಗೆ ಮಾತ್ರ ಮೊಣಕಾಲಿನ ಕೆಳಗೆ ಶಕ್ತಿ ಮರಳಲೇ ಇಲ್ಲ. ಕೈಗಳಲ್ಲಿಯೂ ಬಲ ಕುಂದಿತ್ತು. ಆಕೆ ಊರೆಗೋಲುಗಳ ಮೇಲೆ ನಡೆಯುವುದನ್ನು ಕಲಿತಳು. ಆಮೇಲೆ ಕುದುರೆಯನ್ನು ಏರುವ ಹಟ ಹಿಡಿದಳು. ಏರಿಸಲು, ಇಳಿಸಲು ಬೇರೆಯವರ ನೆರವು ಬೇಕಾಗಿತ್ತು. ಬೆನ್ನಿನ ಮೇಲೆ ಕುಳಿತ ಅನಂತರ ಕಾಲಿನಿಂದ ಕೊಡಬೇಕಾದ ಸೂಚನೆಗಳನ್ನು ಆಕೆ ತೊಡೆ ಮತ್ತು ಸೊಂಟದ ಭಾರದಿಂದಲೇ ತನ್ನ ಕುದುರೆ ಜುಬಿಲಿಗೆ ಕೊಡುತ್ತಿದ್ದಳು.

1952ರವರೆಗೆ ಒಲಿಂಪಿಕ್ ಕ್ರೀಡೆಗಳ ಡ್ರೆಸಾಜ್ ಸ್ಪರ್ಧೆ, ಎಂದರೆ ಕುದುರೆಯ ನಡೆಯ ಶಿಸ್ತನ್ನು ಪರೀಕ್ಷಿಸುವ ಸ್ಪರ್ಧೆ, ಸೇನೆಯ ಅಧಿಕಾರಿಗಳಿಗೆ ಮಾತ್ರ ಮೀಸಲಾಗಿತ್ತು. ಆ ವರ್ಷ ಹೆಲ್ಸಿಂಕಿಯಲ್ಲಿ ಮೊದಲ ಬಾರಿಗೆ ಮಹಿಳೆಯರಿಗೂ ಅವಕಾಶ ದೊರೆಯಿತು. ಹಾರ್ಟೆಲ್ ಬೆಳ್ಳಿಯ ಪದಕವನ್ನು ಗೆದ್ದಳು. ಚಿನ್ನವನ್ನು ಗೆದ್ದ ಸ್ವೀಡನ್ನಿನ ಹೆನ್ರಿ ಸೇಂಟ್ ಸಿರ್ ಆಕೆಯನ್ನು ಪದಕದ ವೇದಿಕೆಗೆ ಏರಲು ಕೈಹಿಡಿದು ನೆರವಾದನು. ಕುದುರೆಯ ಮೇಲಿದ್ದಷ್ಟು ಹೊತ್ತು ಆಕೆಯಲ್ಲಿ ಯಾವ ಕೊರತೆಯೂ ಕಾಣದಿದ್ದ ಪ್ರೇಕ್ಷಕರಿಗೆ ಆಕೆ ತಾನಾಗಿ ನಡೆಯಲಾರಳೆಂಬುದು ನೆಲಕ್ಕೆ ಇಳಿದಾಗ ಗೋಚರವಾಯಿತು. 1956ರಲ್ಲಿ ಸ್ಟಾಕ್‌ಹೋಮಿನಲ್ಲಿ ಆಕೆ ಮತ್ತೊಮ್ಮೆ ಬೆಳ್ಳಿಯನ್ನು ಗೆದ್ದಳು. ಆಕೆಯ ಸಾಧನೆಯ ಬಳಿಕ ಯೂರೋಪಿನ ಹಲವು ಕಡೆ ಅಂಗವಿಕಲರಿಗಾಗಿ ಸವಾರಿಯ ಕೇಂದ್ರಗಳು ಹುಟ್ಟಿಕೊಂಡವು. 1969ರಲ್ಲಿ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಇದಕ್ಕಾಗಿಯೇ ರಾಷ್ಟ್ರೀಯ ಸಂಸ್ಥೆಗಳು ಸ್ಥಾಪನೆಗೊಂಡವು. 1996ರ ಅಟ್ಲಾಂಟಾ ಕೂಟದಿಂದ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ ಡ್ರೆಸಾಜ್ ಸ್ಪರ್ಧೆ ನಡೆದು ಬಂದಿದೆ. ಅದರ ಐದು ದರ್ಜೆಗಳಲ್ಲಿ ಅತಿ ಹೆಚ್ಚಿನ ಅಂಗವೈಕಲ್ಯವುಳ್ಳವರ ಮೊದಲನೆಯ ದರ್ಜೆಯಲ್ಲಿ ಓಟವೇ ಇಲ್ಲ. ಸವಾರರು ತಮ್ಮ ಕೌಶಲವನ್ನೆಲ್ಲ ಕುದುರೆಯ ಸಾದಾ ನಡಿಗೆಯಲ್ಲಿಯೇ ತೋರಿಸಬೇಕು.

ಹಾರ್ಟೆಲ್ ಮೊದಲೇ ಸವಾರಿ ಬಲ್ಲವಳು. ಆಕೆಯ ಉದಾಹರಣೆಯನ್ನು ಕಂಡು ಕುದುರೆ ಹತ್ತಿದವರೆಲ್ಲ ನಡೆದಾಡುವರೆಂದು ತಿಳಿಯಬಾರದು. ಆಕೆಯ ಕಾಲುಗಳೂ ಗುಣವಾಗಲಿಲ್ಲ. ಸೆರೆಬ್ರಲ್ ಪಾಲ್ಸಿಯಲ್ಲಿ ಮೆದುಳಿಗೆ ಆಗಿರುವ ಹಾನಿಯನ್ನು ಯಾವ ಕುದುರೆಯೂ ಸರಿಪಡಿಸಲಾರದು. ಹಾಗಾದರೆ ಆಗುವುದೇನು? 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಸೆರೆಬ್ರಲ್ ಪಾಲ್ಸಿ ಇರುವ 15 ಮಕ್ಕಳಲ್ಲಿ ಕೆಲವರನ್ನು ಎಂಟು ನಿಮಿಷ ನಡೆಯುವ ಕುದುರೆಯ ಮೇಲೆಯೂ, ಉಳಿದವರನ್ನು ಎಂಟು ನಿಮಿಷ ಅಲುಗಾಡದ ಪೀಪಾಯಿಯ ಮೇಲೆಯೂ ಕುಳ್ಳಿರಿಸಿದರು. ಕುದುರೆಯ ಮೇಲೆ ಕುಳಿತವರ ಎಡಬಲ ಸ್ನಾಯುಗಳ ಕೆಲಸದಲ್ಲಿ ಸಮತೋಲ ಹೆಚ್ಚಿತು. ಪೀಪಾಯಿಯ ಮೇಲೆ ಕುಳಿತವರಲ್ಲಿ ಹೆಚ್ಚಲಿಲ್ಲ. ಕಾಲು ಅಗಲಿಸಿ ಕುಳಿತುಕೊಳ್ಳುವುದಷ್ಟೇ ಸಾಲದು, ಕೆಳಗಿನದು ನಡೆಯುತ್ತಿರಬೇಕು ಎಂಬುದು ಇದರಿಂದ ತಿಳಿಯಿತು. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಆಟಿಸಂ ಇರುವ, 6ರಿಂದ 16 ವರ್ಷದೊಳಗಿನ ಮಕ್ಕಳನ್ನು ಕುರಿತದ್ದು. ಒಂದು ಗುಂಪಿನವರು ಹತ್ತು ವಾರ ಸವಾರಿ ಮಾಡಿದರು. ಇನ್ನೊಂದು ಗುಂಪಿನವರು ಅದೇ ಲಾಯದ ಆವರಣದಲ್ಲಿ ಕುದುರೆಗಳ ವಿಷಯವನ್ನೇ ಕಲಿತರು. ಆದರೆ ಅವರಿಗೆ ಜೀವಂತ ಕುದುರೆಯ ಬದಲು ಅಷ್ಟೇ ದೊಡ್ಡದಾದ ಬೊಂಬೆಯ ಕುದುರೆಯಿತ್ತು. ಸವಾರಿ ಮಾಡಿದ ಮಕ್ಕಳಲ್ಲಿ ರೇಗಾಟವೂ ಅತಿಚಟುವಟಿಕೆಯೂ ಹೆಚ್ಚು ತಗ್ಗಿದವು. ಆಡುವ ಮಾತುಗಳೂ ಹೆಚ್ಚಿದವು. ಇಂತಹ ಅಧ್ಯಯನಗಳಲ್ಲಿ ಹಲವು ಸಣ್ಣ ಪ್ರಮಾಣದವು. ಕುಳಿತುಕೊಳ್ಳುವ ಭಂಗಿ ಮತ್ತು ಸಮತೋಲ ಉತ್ತಮಗೊಳ್ಳುತ್ತವೆ ಎಂದು ಹೇಳುವಷ್ಟು ಆಧಾರ ದೊರೆತಿದೆ. ಅದಕ್ಕಿಂತ ಹೆಚ್ಚಿನದನ್ನು ಹೇಳುವವರ ಮಾತನ್ನು ಎಚ್ಚರದಿಂದ ಕೇಳಬೇಕು. ಆದರೂ ಕುಳಿತುಕೊಳ್ಳಲು ಬರುವುದೆಂಬುದು ಸಣ್ಣ ಲಾಭವಲ್ಲ. ಒರಗದೆ ಕುಳಿತುಕೊಳ್ಳಬಲ್ಲ ಮಗುವಿಗೆ ಎರಡು ಕೈಗಳೂ ಬಿಡುವಾಗುತ್ತವೆ. ತಾನಾಗಿ ಉಣ್ಣಬಹುದು, ಬರೆಯಬಹುದು, ಶಾಲೆಯ ಬೆಂಚಿನ ಮೇಲೆ ಇತರರ ಸಾಲಿನಲ್ಲಿ ಕುಳಿತುಕೊಳ್ಳಬಹುದು.

ಚಿಕಿತ್ಸೆ ನಡೆಯುವ ಬಗೆಯಲ್ಲಿ ಅವಸರಕ್ಕೆ ಎಡೆಯಿಲ್ಲ. ಮೊದಲು ವೈದ್ಯರ ಒಪ್ಪಿಗೆ ಬೇಕು. ಸೊಂಟದ ಕೀಲು ಜಾರಿದವರಿಗೆ, ಮೂರ್ಛೆರೋಗ ಹತೋಟಿಗೆ ಬಾರದವರಿಗೆ, ಮೂಳೆಗಳು ಬಹಳ ದುರ್ಬಲವಾದವರಿಗೆ ಸವಾರಿ ಅಪಾಯಕರ. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕತ್ತಿನ ಮೇಲ್ಭಾಗದ ಎರಡು ಮೂಳೆಗಳ ನಡುವಣ ಬಂಧ ಸಡಿಲವಾಗಿರುವುದರಿಂದ ಆ ವಿಷಯದಲ್ಲಿ ಮುಂಚಿತವಾಗಿ ಪರೀಕ್ಷೆ ಆಗಲೇಬೇಕು. ಅನಂತರ ಮಗುವಿನ ತಲೆಗೆ ಶಿರಸ್ತ್ರಾಣವನ್ನು ತೊಡಿಸಿ, ಇಳಿಜಾರಾದ ದಿಬ್ಬದ ಮೇಲಿಂದ, ಎಂದರೆ ಕುದುರೆಯ ಬೆನ್ನಿನ ಎತ್ತರದಿಂದಲೇ ಅದನ್ನು ಕುಳ್ಳಿರಿಸುತ್ತಾರೆ. ಒಬ್ಬರು ಕುದುರೆಯನ್ನು ಹಿಡಿದು ನಡೆಸುತ್ತಾರೆ. ಎಡಬಲಗಳಲ್ಲಿ ಒಬ್ಬೊಬ್ಬರು ಮಗುವಿನ ತೊಡೆಯ ಮೇಲೆ ಕೈಯಿಟ್ಟು ಜೊತೆಗೆ ನಡೆಯುತ್ತಾರೆ. ಚಿಕಿತ್ಸಕರು ನೋಡುತ್ತಿದ್ದು, ಈಗ ನಿಲ್ಲಿಸಿ, ಈಗ ತಿರುಗಿಸಿ, ಈಗ ಹೆಜ್ಜೆ ಉದ್ದ ಮಾಡಿಸಿ ಎಂದು ಹೇಳುತ್ತಾರೆ. ಕೆಲವು ವೇಳೆ ಮಗುವನ್ನು ಹಿಮ್ಮೊಗವಾಗಿ ಕುಳ್ಳಿರಿಸುವುದೂ ಉಂಟು. ಒಂದು ಮಗುವಿಗೆ ಮೂವರು, ನಾಲ್ವರು ದೊಡ್ಡವರು ಬೇಕಾಗುವ ಈ ಚಿಕಿತ್ಸೆ ದುಬಾರಿಯಾಗುವುದು ಸಹಜ.

ಎಲ್ಲ ಕುದುರೆಗಳೂ ಇದಕ್ಕೆ ಒದಗವು. ಕುದುರೆ ಮೂಲತಃ ಅಂಜುವ ಪ್ರಾಣಿ. ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿ ಇರುವುದರಿಂದ ಸುತ್ತಲಿನದೆಲ್ಲ ಕಾಣುತ್ತದೆ, ನೇರ ಬೆನ್ನ ಹಿಂದಿನದು ಮಾತ್ರ ಕಾಣದು. ಊರೆಗೋಲಿನ ಸದ್ದಿಗೆ, ಗಾಲಿಕುರ್ಚಿಯ ಹೊಳಪಿಗೆ, ಮಗುವಿನ ಹಠಾತ್ ಕೂಗಿಗೆ ಬೆದರದ ಕುದುರೆಯನ್ನು ಆರಿಸಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಬೇಕು. ಓಟದ ಪಂದ್ಯಗಳಿಗೆಂದು ಬೆಳೆಸಿದ ಬಿಸಿರಕ್ತದ ತಳಿಗಿಂತ ಶಾಂತಸ್ವಭಾವದ, ಮಧ್ಯಮ ಎತ್ತರದ, ಪ್ರಾಯ ಕಳೆದ ಕುದುರೆ ಮೇಲು. ನಡಿಗೆ ಸಮವಾಗಿರಬೇಕು, ಕುಂಟುವ ಕುದುರೆ ತನ್ನ ಕುಂಟನ್ನೇ ಸವಾರನ ಸೊಂಟಕ್ಕೆ ಕಲಿಸುತ್ತದೆ. ಸಮತೋಲವಿಲ್ಲದ ಭಾರವನ್ನು ಹೊರುವುದು ಕುದುರೆಗೆ ಆಯಾಸದ ಕೆಲಸ. ದಿನಕ್ಕೆ ಕೆಲವೇ ಸರದಿಗಳ ಬಳಿಕ ಅದನ್ನು ಬಿಟ್ಟು ಮೇಯಿಸುವುದು ಅಗತ್ಯ.

ಕರ್ನಾಟಕಕ್ಕೆ ಕುದುರೆ ಹೊಸದಲ್ಲ. ಟಿಪ್ಪುವಿನ ಕಾಲದಿಂದ ಕುಣಿಗಲ್ಲಿನಲ್ಲಿ ಕುದುರೆಗಳ ಸಾಕಣೆ ನಡೆದು ಬಂದಿತು. ಅಂಗವಿಕಲರ ಸೇವೆಯೂ ಹೊಸದಲ್ಲ. ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆಯು 1959ರಲ್ಲಿಯೂ, ಕರ್ನಾಟಕ ಸ್ಪಾಸ್ಟಿಕ್ಸ್ ಸೊಸೈಟಿಯು 1980ರಲ್ಲಿಯೂ ಆರಂಭವಾದವು. ಈ ಎರಡು ಎಳೆಗಳೂ ಕೂಡಿರುವುದು ಬೆಂಗಳೂರಿನ ಕೆಲವು ಸವಾರಿ ಶಾಲೆಗಳಲ್ಲಿ. ಅಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳನ್ನು ಕುದುರೆ ಹತ್ತಿಸುತ್ತಾರೆ. ಕೊಟ್ಟಿಗೆಹಾರದಂತಹ ಊರಿನ ಮಗುವಿಗೆ ಅದು ವಾರಕ್ಕೊಮ್ಮೆ ಹೋಗಿಬರುವ ದೂರವಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿದೆ. ಹೆಸರು ಕಾನೂನಿನಲ್ಲಿ ಬಂದ ಮಾತ್ರಕ್ಕೆ ಚಿಕಿತ್ಸೆ ಘಾಟಿಯನ್ನು ಹತ್ತಿ ಬರುವುದಿಲ್ಲ.

ಕಾಫಿಸೀಮೆಯಲ್ಲಿ ಇಂತಹ ಕೇಂದ್ರವೊಂದನ್ನು ನಡೆಸುವುದಾದರೆ ಮೊದಲು ಎದುರಾಗುವುದು ಮಳೆ. ತಿಂಗಳುಗಟ್ಟಲೆ ಒದ್ದೆಯಾಗಿರುವ ನೆಲದಲ್ಲಿ ನಿಂತ ಕುದುರೆಯ ಗೊರಸಿನ ಒಳಭಾಗ ಕೊಳೆಯುತ್ತದೆ. ಜಾರುವ ಕೆಸರಿನಲ್ಲಿ ಅದರ ಹೆಜ್ಜೆಯ ಲಯವೂ ಕೆಡುತ್ತದೆ. ಆದುದರಿಂದ ಒಣಗಿದ ಲಾಯವೂ, ಮಾಡು ಹೊದಿಸಿದ, ಮರಳು ಹಾಸಿದ ಸಮತಟ್ಟಾದ ಅಂಗಳವೂ ಬೇಕು. ಕಾಫಿ ಒಣಗಿಸುವ ಕಣವು ಸಮತಟ್ಟಾಗಿದ್ದರೂ ಅದರ ಗಟ್ಟಿ ನೆಲ ಬೀಳುವವರಿಗೂ ಒಳ್ಳೆಯದಲ್ಲ, ಗೊರಸಿಗೂ ಒಳ್ಳೆಯದಲ್ಲ. ಇವೆಲ್ಲಕ್ಕಿಂತ ಮಿಗಿಲಾಗಿ ವಾರವಾರವೂ ತಪ್ಪದೆ ಬರುವ ಭೌತಚಿಕಿತ್ಸಕರು ಬೇಕು. ಅವರಿಲ್ಲದೆ ಕುದುರೆಯೊಂದೇ ಇದ್ದರೆ ಅದು ಸವಾರಿಯಾದೀತೇ ಹೊರತು ಚಿಕಿತ್ಸೆಯಾಗದು.

ಕುದುರೆ ದೊರೆಯದ ಕಡೆ ಭೌತಚಿಕಿತ್ಸಕರು ಇದೇ ತತ್ತ್ವವನ್ನು ಸಣ್ಣ ಪ್ರಮಾಣದಲ್ಲಿ ಬಳಸುತ್ತಾರೆ. ಗಟ್ಟಿಯಾದ ಉರುಟು ದಿಂಬಿನ ಮೇಲೆ ಮಗುವನ್ನು ಎರಡು ಬದಿಗೂ ಕಾಲು ಇಳಿಬಿಟ್ಟು ಕುಳ್ಳಿರಿಸಿ, ಹಿಂದಿನಿಂದ ಸೊಂಟವನ್ನು ಹಿಡಿದು, ದಿಂಬನ್ನು ಮೆಲ್ಲನೆ ಎಡಕ್ಕೂ ಬಲಕ್ಕೂ ಉರುಳಿಸುತ್ತಾರೆ. ಮಗು ಬೀಳದಂತೆ ತನ್ನ ಮುಂಡವನ್ನು ಸರಿಪಡಿಸಿಕೊಳ್ಳುತ್ತದೆ. ದಿಂಬು ಕುದುರೆಯಂತೆ ಮೂರು ದಿಕ್ಕಿಗೂ ತೂಗಲಾರದು. ಅದಕ್ಕೆ ಬಿಸಿಯೂ ಇಲ್ಲ, ಉಸಿರೂ ಇಲ್ಲ. ಆದರೆ ಚಿಕಿತ್ಸಕರು ಒಮ್ಮೆ ಕೈಹಿಡಿದು ಕಲಿಸಿಕೊಟ್ಟರೆ ಮಳೆಗಾಲದ ದಿನಗಳಲ್ಲಿ, ಬಸ್ಸು ನಿಂತಿರುವಾಗಲೂ, ತಾಯಿ ಅದನ್ನು ಮನೆಯ ಜಗುಲಿಯಲ್ಲಿ ಮಾಡಿಸಬಲ್ಲಳು.