ಕಳಚಿದ ಯುದ್ಧನೌಕೆ ಮತ್ತೆ ಹಾರಿದ್ದು ಹೇಗೆ?

2009ರ ಮಾರ್ಚ್‌ನಲ್ಲಿ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ ಧಾರಾವಾಹಿಯ ಕೊನೆಯ ಕಂತು ಪ್ರಸಾರವಾಗುವ ಮೊದಲೇ ಅದರ ಸಾಮಾನು ಸರಂಜಾಮು ಹರಾಜಿಗೆ ಬಂದಾಗಿತ್ತು. ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಅಭಿಮಾನಿಗಳು ಅವನ್ನು ಕೂಗಿ ಕೊಂಡರು. ಕೆನಡಾದ ವ್ಯಾಂಕೂವರ್‌ನಲ್ಲಿ ಕಟ್ಟಿದ್ದ ಗ್ಯಾಲಕ್ಟಿಕಾ ನೌಕೆಯ ಒಳಾಂಗಣವನ್ನೂ ಕಳಚಿ ಹಾಕಲಾಯಿತು. ಆದರೆ 2012ರ ನವೆಂಬರ್ 9ರಂದು ಅದೇ ನೌಕೆ ಯೂಟ್ಯೂಬ್‌ನಲ್ಲಿ ಕಾಣಿಸಿಕೊಂಡಿತು, ಕಥೆಯ ಲೆಕ್ಕದಲ್ಲಿ ನಾಲ್ಕು ದಶಕದಷ್ಟು ಹೊಸದಾಗಿ. ‘ಬ್ಲಡ್ ಅಂಡ್ ಕ್ರೋಮ್’ ಎಂಬ ಈ ವೆಬ್ ಸರಣಿ ಮೂಲ ಧಾರಾವಾಹಿಯ ಪೂರ್ವಕಥೆ.

ಮನುಷ್ಯರು ಸೈಲಾನ್ ಎಂಬ ಯಂತ್ರಗಳ ದಾಳಿಗೆ ಸಿಕ್ಕು ನೆಲೆ ಕಳೆದುಕೊಂಡು ಅಲೆಯುವ ಕಥೆ ಗ್ಯಾಲಕ್ಟಿಕಾದ್ದು. 1978ರಲ್ಲಿ ಗ್ಲೆನ್ ಎ. ಲಾರ್ಸನ್ ಅದನ್ನು ಮೊದಲು ಕಿರುತೆರೆಗೆ ತಂದರು. 2003ರಲ್ಲಿ ರೊನಾಲ್ಡ್ ಡಿ. ಮೂರ್ ಮತ್ತು ಡೇವಿಡ್ ಐಕ್ ಅದನ್ನು ಹೊಸದಾಗಿ ಕಟ್ಟಿದರು; ಇವರ ಕಥೆಯಲ್ಲಿ ಸೈಲಾನ್‌ಗಳು ಮನುಷ್ಯರೇ ತಯಾರಿಸಿ, ಆಮೇಲೆ ದಂಗೆಯೆದ್ದ ಯಂತ್ರಗಳು. ಎಡ್ವರ್ಡ್ ಜೇಮ್ಸ್ ಓಲ್ಮೋಸ್ ಅದರಲ್ಲಿ ನೌಕೆಯ ಮುಖ್ಯಸ್ಥ ವಿಲಿಯಂ ಅಡಾಮಾ ಆದರು. ಮಾತು ಕಡಿಮೆ, ಮುಖದ ತುಂಬ ದಣಿವು. ಆ ಪಾತ್ರವನ್ನು ಕಂಡವರಿಗೆ ಇವನು ಹರೆಯದಲ್ಲಿ ಹೇಗಿದ್ದಿರಬಹುದು ಎಂಬ ಕುತೂಹಲ ಹುಟ್ಟುವುದು ಸಹಜ.

ಆ ಕುತೂಹಲ ವೆಬ್ಬಿಗೆ ತಲುಪುವ ಮುಂಚೆ ಒಂದು ಜಗಳ ನಡೆದಿತ್ತು, ಅದನ್ನು ಇಲ್ಲಿ ಹೇಳಲೇಬೇಕು. 2006ರಲ್ಲಿ, ಎರಡನೆಯ ಮತ್ತು ಮೂರನೆಯ ಸೀಸನ್‌ಗಳ ನಡುವಿನ ಬಿಡುವಿನಲ್ಲಿ, ‘ದಿ ರೆಸಿಸ್ಟೆನ್ಸ್’ ಎಂಬ ಹತ್ತು ಪುಟ್ಟ ಕಂತುಗಳು ಅಂತರ್ಜಾಲದಲ್ಲಿ ಬಂದವು. ಒಂದೊಂದೂ ಕೆಲವೇ ನಿಮಿಷದ್ದು. ಇದು ಬರೀ ಪ್ರಚಾರ ಸಾಮಗ್ರಿ, ಬರೆದವರಿಗೆ ಬೇರೆ ಸಂಭಾವನೆಯ ಮಾತೇ ಇಲ್ಲ ಎಂದಿತು ಧಾರಾವಾಹಿಯ ನಿರ್ಮಾಣ ಸಂಸ್ಥೆ ಎನ್‌ಬಿಸಿ ಯೂನಿವರ್ಸಲ್. ಬರಹಗಾರರ ಸಂಘ ಒಪ್ಪಲಿಲ್ಲ. ಪಾತ್ರ, ಸಂಭಾಷಣೆ, ಸಾವು ನೋವು ಎಲ್ಲ ಇರುವುದನ್ನು ಕಥೆಯಲ್ಲ, ಜಾಹೀರಾತು ಎಂದರೆ ಹೇಗೆ? ನ್ಯಾಯ ಬರಹಗಾರರ ಕಡೆಗೇ ಇತ್ತೆಂದು ನಾನು ಅಂದುಕೊಂಡಿದ್ದೇನೆ. ಇಂಥ ತಕರಾರುಗಳೇ ಬೆಳೆದು, 2007ರ ನವೆಂಬರ್‌ನಲ್ಲಿ ಶುರುವಾಗಿ 100 ದಿನ ನಡೆದ ಹಾಲಿವುಡ್ ಬರಹಗಾರರ ಮುಷ್ಕರದಲ್ಲಿ ಅಂತರ್ಜಾಲದ ಸಂಭಾವನೆ ದೊಡ್ಡ ಬೇಡಿಕೆಯಾಯಿತು.

ಯುವಕ ಅಡಾಮಾ ವೆಬ್ಬಿನಲ್ಲಿ ಮೊದಲು ಕಂಡದ್ದು ಅದೇ ವರ್ಷ, ಇದೇ ಧಾರಾವಾಹಿಯ ‘ರೇಜರ್’ ಚಿತ್ರಕ್ಕೆ ಜೋಡಿಸಿದ ಕಿರುಕಂತುಗಳಲ್ಲಿ. ಅಲ್ಲಿ ಮೂಲ ಕಥೆಗಿಂತ ನಾಲ್ಕು ದಶಕ ಹಿಂದೆ ಮನುಷ್ಯರಿಗೂ ಸೈಲಾನ್‌ಗಳಿಗೂ ನಡೆದ ಮೊದಲ ಯುದ್ಧದ ಕೊನೆಯ ದಿನವಿತ್ತು. ‘ಬ್ಲಡ್ ಅಂಡ್ ಕ್ರೋಮ್’ ಅದಕ್ಕೂ ಹಿಂದೆ, ಯುದ್ಧದ ಹತ್ತನೆಯ ವರ್ಷಕ್ಕೆ ಹೋಗುತ್ತದೆ.

ಇದನ್ನು ಮೊದಲು ಯೋಚಿಸಿದ್ದು ವೆಬ್ ಸರಣಿಯಾಗಿಯೇ. 2010ರ ಅಕ್ಟೋಬರ್‌ನಲ್ಲಿ ಮೂಲ ಧಾರಾವಾಹಿ ಪ್ರಸಾರ ಮಾಡಿದ್ದ ಸೈಫೈ ವಾಹಿನಿ ಮನಸ್ಸು ಬದಲಿಸಿ, ಎರಡು ಗಂಟೆಯ ಪ್ರಾಯೋಗಿಕ ಕಂತು ಮಾಡಿ ಎಂದಿತು. ಅದೇ ತಿಂಗಳು ಇದೇ ಮನೆತನದ ಇನ್ನೊಂದು ಪೂರ್ವಕಥೆ ‘ಕ್ಯಾಪ್ರಿಕಾ’ವನ್ನು ನಿಲ್ಲಿಸಿತು. ಚಿತ್ರಕಥೆ ಬರೆದವರು ಮೈಕೆಲ್ ಟೇಲರ್, ನಿರ್ದೇಶಕ ಜೊನಾಸ್ ಪೇಟ್. ಆದರೆ ಚಿತ್ರೀಕರಿಸಲು ನೌಕೆ ಎಲ್ಲಿದೆ?

ಅದನ್ನು ಮತ್ತೆ ಕೊಟ್ಟದ್ದು ಗ್ಯಾರಿ ಹಟ್ಜೆಲ್ ಅವರ ದೃಶ್ಯಪರಿಣಾಮ ತಂಡ. ಸೆಟ್ ಕಳಚುವ ಮುಂಚೆ ಅದನ್ನು ವಿವರವಾಗಿ ದಾಖಲಿಸಿಟ್ಟಿದ್ದರು. ಆ ದಾಖಲೆಯಿಂದ ಓಣಿ, ನಿಯಂತ್ರಣ ಕೊಠಡಿ, ವಿಮಾನಗಳ ಅಂಗಳವನ್ನೆಲ್ಲ ಕಂಪ್ಯೂಟರಿನೊಳಗೆ ಎಬ್ಬಿಸಿದರು. ನಟರು ವ್ಯಾಂಕೂವರ್‌ನಲ್ಲಿ ಹೆಚ್ಚುಕಡಿಮೆ ಇಡೀ ಕಥೆಯನ್ನು ಹಸಿರು ಪರದೆಯ ಮುಂದೆಯೇ ಆಡಿದರು. ಹಿಡಿಯಲು ಕಂಬಿಯಿಲ್ಲ, ಒರಗಲು ಗೋಡೆಯಿಲ್ಲ, ಕಥೆಯಲ್ಲಿ ಬರುವ ಹಿಮ ಮುಚ್ಚಿದ ಉಪಗ್ರಹದ ಚಳಿಯನ್ನೂ ಮೈಯಲ್ಲೇ ತಂದುಕೊಳ್ಳಬೇಕು. ಅಲ್ಲಲ್ಲಿ ಆ ಕೃತಕತೆ ಕಣ್ಣಿಗೆ ಹೊಡೆಯುತ್ತದೆ, ಬೆಳಕಿನ ಝಳಪು ಅತಿಯಾಯಿತು. ಆದರೆ ನೌಕೆಯ ಒಳಗಿನ ದೃಶ್ಯಗಳು ಬಂದಾಗ ಹಟ್ಜೆಲ್ ತಂಡದ ಪ್ರೀತಿ ಎದ್ದು ಕಾಣುತ್ತದೆ. ತಾವು ವರ್ಷಗಟ್ಟಲೆ ಬಾಳಿದ ಜಾಗವನ್ನು ಕೈಬಿಡಲು ಒಪ್ಪದವರು ಮಾತ್ರ ಮಾಡಬಹುದಾದ ಕೆಲಸ ಅದು.

2012ರ ಮಾರ್ಚ್‌ನಲ್ಲಿ ವಾಹಿನಿ ಮತ್ತೆ ಹಿಂದೆ ಸರಿಯಿತು: ಧಾರಾವಾಹಿ ಬೇಡ. ಸಿದ್ಧವಾಗಿದ್ದ ಚಿತ್ರವನ್ನು ಹತ್ತು ತುಂಡು ಮಾಡಿ, ಆಟಗಳ ವಿಡಿಯೊಗೆ ಹೆಸರಾಗಿದ್ದ ‘ಮಷಿನಿಮಾ’ದ ಯೂಟ್ಯೂಬ್ ಚಾನೆಲ್ಲಿಗೆ ಕೊಟ್ಟರು. ವೆಬ್ಬಿಗೆಂದು ಹುಟ್ಟಿ, ಟಿವಿಗೆಂದು ಬೆಳೆದು, ಕೊನೆಗೆ ವೆಬ್ಬಿಗೇ ಮರಳಿದ ಕೂಸಿದು. ಒಂದೇ ಓಟದ ಚಿತ್ರವನ್ನು ಕಂತು ಮಾಡಿದ್ದರಿಂದ ಕೆಲವು ಕಂತುಗಳು ತೀರಾ ನಡುವೆ ತುಂಡಾಗುತ್ತವೆ. 2013ರ ಫೆಬ್ರುವರಿ 10ರಂದು ಸೈಫೈ ವಾಹಿನಿಯೇ ಇದನ್ನು ಒಂದೇ ಚಿತ್ರವಾಗಿ ಪ್ರಸಾರ ಮಾಡಿತು. ನೋಡಬೇಕಾದದ್ದು ಆ ರೂಪದಲ್ಲೇ.

ಕಥೆ ಸರಳ. ಆಗಷ್ಟೇ ತರಬೇತಿ ಮುಗಿಸಿದ ಅಡಾಮಾನಿಗೆ (ಲೂಕ್ ಪಾಸ್ಕ್ವಲೀನೊ) ವೈಪರ್ ಯುದ್ಧವಿಮಾನ ಹಾರಿಸುವ ಹಂಬಲ. ಸಿಗುವುದು ರ‍್ಯಾಪ್ಟರ್ ಎಂಬ ಸಾಗಣೆ ವಾಹನ. ಜೊತೆಗೆ ಯುದ್ಧದಿಂದ ಬೇಸತ್ತ ಕೋಕರ್. ಬೆನ್ ಕಾಟನ್ ಅವನನ್ನು ಎಷ್ಟು ಚೆನ್ನಾಗಿ ಆಡಿದ್ದಾರೆಂದರೆ, ಎಷ್ಟೋ ಕಡೆ ನಾಯಕನೇ ಮಂಕಾಗುತ್ತಾನೆ. ಅವರಿಬ್ಬರೂ ರ‍್ಯಾಪ್ಟರ್‌ನಲ್ಲಿ ಕರೆದೊಯ್ಯಬೇಕಾದ ವಿಜ್ಞಾನಿಯ ಗುಟ್ಟೇನು, ಮೇಲಿನವರಿಗೆ ಎಷ್ಟು ಗೊತ್ತಿತ್ತು ಎಂಬುದು ಬಿಚ್ಚಿಕೊಳ್ಳುತ್ತ ಹೋದಂತೆ ಹುಡುಗನ ಹುಮ್ಮಸ್ಸು ಕರಗುತ್ತದೆ. ಕೊನೆಗೆ ಅವನು ಬಯಸಿದ ವೈಪರ್ ಸಿಗುತ್ತದೆ, ಆದರೆ ಅಷ್ಟರಲ್ಲಿ ಅದರ ಬೆಲೆ ಅವನಿಗೆ ತಿಳಿದುಬಿಟ್ಟಿದೆ. ಪೂರ್ವಕಥೆಯೆಂದು ಇದನ್ನೇ ಮೊದಲು ನೋಡಬೇಡಿ. 2003ರ ಮುದುಕ ಅಡಾಮಾನನ್ನು ಕಂಡು ಬನ್ನಿ. ಅವನು ಮೇಲಧಿಕಾರಿಗಳ ಮಾತನ್ನು ಸುಲಭಕ್ಕೆ ನಂಬದಿರುವುದಕ್ಕೆ ಇಲ್ಲಿ ಕಾರಣ ಸಿಗುತ್ತದೆ.