ಟ್ರಂಕು ಸೇರಿದ ಪೇಟಿಯಾ–ಕಾಂಚಳಿ: ತಾಂಡಾದ ಹೆಂಗಸರು ತಮ್ಮ ಉಡುಪು ತಾವೇ ಹೊಲಿಯೋದು ಹೇಗೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಈ ಐದೂ ತಾಲ್ಲೂಕುಗಳ ಸಂತೆಯಲ್ಲಿ ಒಂದು ಕಾಲಕ್ಕೆ ಲಂಬಾಣಿ ಹೆಂಗಸರನ್ನು ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಬಿಸಿಲಿಗೆ ಫಳ್ ಅನ್ನೋ ಕನ್ನಡಿ, ಕೆಂಪು–ನೀಲಿ ಬಟ್ಟೆ, ಅಂಚಿಗೆ ಕವಡೆ. ಈಗ ಅದೇ ಸಂತೆಯಲ್ಲಿ ಆ ಉಡುಪು ಕಂಡರೆ ತೊಟ್ಟವರು ಬಹುತೇಕ ಅಜ್ಜಿಯರೇ. ಉಳಿದವರದ್ದು ಟ್ರಂಕಿನಲ್ಲಿದೆ. ದೀಪಾವಳಿಗೆ, ಮದುವೆಗೆ, ಫೆಬ್ರುವರಿ 15ರ ಸೇವಾಲಾಲ್ ಜಯಂತಿ ಮೆರವಣಿಗೆಗೆ ಹೊರಗೆ ಬರುತ್ತೆ, ಮತ್ತೆ ಒಳಗೆ ಹೋಗುತ್ತೆ.

ಈ ಉಡುಪನ್ನು ಹೊಲಿಯುತ್ತಿದ್ದವರು ದರ್ಜಿಯಲ್ಲ. ತೊಡುವವಳೇ ಹೊಲೀಬೇಕು, ಇಲ್ಲವೇ ಅವ್ವ, ಅಜ್ಜಿ ಹೊಲಿದು ಕೊಡಬೇಕು. ಹೆಣ್ಣುಮಕ್ಕಳ ಮದುವೆಗೆ ಎಷ್ಟೋ ವರ್ಷ ಮೊದಲೇ ಸೂಜಿ ಕೆಲಸ ಶುರುವಾಗುತ್ತಿತ್ತು. ಹೊಲದ ಕೆಲಸ ಮುಗಿದ ಮೇಲೆ, ಮಧ್ಯಾಹ್ನದ ನೆರಳಿಗೆ ನಾಲ್ಕು ಜನ ಕೂತು ಮಾತಾಡ್ತಾ ಹೊಲಿಯುವ ಕೆಲಸ ಅದು. ಹಾಗಾಗಿ ಒಬ್ಬಳ ಕಾಂಚಳಿಯಂತೆ ಇನ್ನೊಬ್ಬಳದ್ದು ಇರೋದಿಲ್ಲ.

ಉಡುಪಿನಲ್ಲಿ ಮುಖ್ಯವಾಗಿ ಮೂರು ಭಾಗ. ಪೇಟಿಯಾ ಅಂದರೆ ಸುತ್ತ ನೆರಿಗೆ ಹಿಡಿದ ಲಂಗ. ಸೊಂಟದ ಪಟ್ಟಿ ಮತ್ತು ಕೆಳಗಿನ ಅಂಚಿಗೆ ಹೆಚ್ಚು ಕೆಲಸ. ಕಾಂಚಳಿ ಅಂದರೆ ಕುಪ್ಪಸ. ಬೆನ್ನಿಗೆ ಬಟ್ಟೆ ಇರಲ್ಲ, ಲಾಡಿಯಿಂದ ಕಟ್ಟಿಕೊಳ್ಳೋದು. ಮೂರನೆಯದು ತಲೆ ಮೇಲಿನ ಹೊದಿಕೆ. ಹಣೆಯ ಮೇಲೆ ಬರುವ ಅದರ ಅಂಚಿನ ಪಟ್ಟಿಗೆ ಘುಂಗಟೋ ಅಂತಾರೆ. ಇಡೀ ಉಡುಪಿನಲ್ಲಿ ಹೊಲಿಗೆ ಅತಿ ಒತ್ತಾಗಿ ಕೂರೋ ಜಾಗಗಳಲ್ಲಿ ಇದೂ ಒಂದು.

ಇದಕ್ಕೆ ಕಾಗದದ ಅಳತೆ ಇಲ್ಲ. ಗೇಣು, ಬೆರಳು ಲೆಕ್ಕ. ಬಟ್ಟೆಯನ್ನು ಮಡಿಚಿ ಗೆರೆ ಮೂಡಿಸಿಕೊಂಡು, ಆ ಗೆರೆ ಹಿಡಿದೇ ಚೌಕ, ತ್ರಿಕೋನ ಹಾಕ್ತಾರೆ. ದಪ್ಪ ಹತ್ತಿ ಬಟ್ಟೆಯ ಅಡಿಗೆ ಹಳೇ ಬಟ್ಟೆಯ ಒಂದು ಪದರ ಕೊಟ್ಟರೆ ಕನ್ನಡಿ, ಕವಡೆಯ ಭಾರಕ್ಕೆ ಹರಿಯಲ್ಲ. ಧಾರವಾಡದ ಕಸೂತಿಗೂ ಇದಕ್ಕೂ ವ್ಯತ್ಯಾಸ ಇರೋದು ಇಲ್ಲೇ. ಧಾರವಾಡದ ಕಸೂತಿಯಲ್ಲಿ ಎಳೆ ಎಣಿಸಿ ಸೀರೆಯ ಮೇಲೆ ನವಿರಾಗಿ ಹೊಲಿದು, ಗಂಟು ಕಾಣದಂತೆ ಎರಡೂ ಮಗ್ಗುಲನ್ನು ಒಂದೇ ಥರ ಇಡೋದು ಹೆಚ್ಚುಗಾರಿಕೆ. ಲಂಬಾಣಿ ಕೆಲಸಕ್ಕೆ ಗಟ್ಟಿತನ ಬೇಕು. ಒಂದು ಊರಿಂದ ಇನ್ನೊಂದು ಊರಿಗೆ ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ತಿರುಗುತ್ತಿದ್ದ ಜನರ ಬಟ್ಟೆ ಇದು. ಬೇಗ ಹರಿದರೆ ನಡೆಯುತ್ತಿರಲಿಲ್ಲ.

ಹೊಲಿಗೆಗಳಲ್ಲಿ 14 ಬಗೆ ಅಂತ ಲೆಕ್ಕ ಹಾಕ್ತಾರೆ: ಕಿಲನ್, ವೆಲೆ, ಬಕ್ಯಾ, ಮಾಕಿ, ರೇಲೋ, ಗಡ್ರಿ, ನಾಕ್ರಾ ಹೀಗೆ. ತೇರಾ ದೋರಾ ಅಂದರೆ ಹದಿಮೂರು ದಾರ. ಕೌದಿ ಅನ್ನೋದೂ ಅವುಗಳಲ್ಲಿ ಒಂದು. ನಮ್ಮ ಕಡೆ ಹಳೇ ಸೀರೆ ಪದರ ಹಾಕಿ ಹೊಲಿಯುವ ಕೌದಿಯ ಹೆಸರೇ ಅದಕ್ಕಿದೆ, ಅದೇ ಸಾದಾ ಓಟದ ಹೊಲಿಗೆ.

ಕನ್ನಡಿ ಕೂರಿಸೋದು ನೋಡುವವರಿಗೆ ಸೋಜಿಗ. ಬಿಲ್ಲೆಗೆ ತೂತು ಇರಲ್ಲ, ಅಂಟೂ ಹಚ್ಚಲ್ಲ. ಬಟ್ಟೆ ಮೇಲೆ ಬಿಲ್ಲೆ ಇಟ್ಟು ಬೆರಳಲ್ಲಿ ಒತ್ತಿ ಹಿಡಿದು, ಅದರ ಮೇಲೆ ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ದಾರ ಬಿಗಿಯಾಗಿ ಎಳೀತಾರೆ. ನಡುವೆ ಚೌಕ ಬರುತ್ತೆ. ಆಮೇಲೆ ಸೂಜಿಯನ್ನು ಆ ದಾರದ ಅಡಿಯಿಂದ ತೂರಿಸಿ, ಬಟ್ಟೆಗೆ ಚುಚ್ಚಿ, ಕುಣಿಕೆ ಹಾಕುತ್ತಾ ಸುತ್ತು ಬರಬೇಕು. ಪ್ರತಿ ಕುಣಿಕೆಯೂ ಚೌಕದ ದಾರವನ್ನು ಹೊರಗೆ ಜಗ್ಗುತ್ತೆ, ಚೌಕ ಹಿಗ್ಗಿ ದುಂಡಗಾಗುತ್ತೆ, ಬಿಲ್ಲೆಯ ಅಂಚು ದಾರದೊಳಗೆ ಕೂರುತ್ತೆ. ಮೊದಲ ನಾಲ್ಕು ದಾರ ಸಡಿಲ ಬಿಟ್ಟರೆ ಆ ಕನ್ನಡಿ ಬಿತ್ತು ಅಂತಲೇ ತಿಳ್ಕೊಳ್ಳಿ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ತೊಡಲ್ಲ ಅಂತ ಹುಡುಗಿಯರನ್ನು ಬೈಯೋದು ಸುಲಭ. ಉಡುಪು ಭಾರ. ತಾಂಡಾಗಳಿಂದ ಕಬ್ಬು ಕಡಿಯಲು, ಮಲೆನಾಡಿನ ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರಿಗೆ ಸೀರೆ, ನೈಟಿಯೇ ಅನುಕೂಲ. ಗುಳೆ ಹೋದ ಮನೆಯಲ್ಲಿ ಮಧ್ಯಾಹ್ನದ ನೆರಳೂ ಇಲ್ಲ, ಕಲಿಸುವ ಅಜ್ಜಿ ಪಕ್ಕದಲ್ಲೂ ಇಲ್ಲ. ಶಾಲೆ, ಬಸ್ಸಿನಲ್ಲಿ ಬಟ್ಟೆ ನೋಡಿ ಆಡಿಕೊಂಡವರ ಪಾಲೂ ಇದರಲ್ಲಿದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ ಅಷ್ಟೇ.

ಕಲೆಗೆ ಹೆಸರು ಬಂದಿಲ್ಲ ಅಂತಲ್ಲ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಸಂಡೂರು ಕುಶಲ ಕಲಾ ಕೇಂದ್ರ 1980ರ ದಶಕದಿಂದ ತಾಂಡಾದ ಹೆಂಗಸರಿಗೆ ಈ ಕೆಲಸ ಕೊಡುತ್ತಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಕಾರ್ಯತಂಡದ ಸಭೆ ನಡೆದಾಗ, ಆ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ತಯಾರಿಸಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ದಾಖಲೆ ಆದದ್ದು ನಮ್ಮ ಜಿಲ್ಲೆಯಲ್ಲೇ. 2021ರಲ್ಲಿ ಜಿಲ್ಲೆ ಭಾಗವಾದಾಗ ಸಂಡೂರು ಮಾತ್ರ ಬಳ್ಳಾರಿಯಲ್ಲಿ ಉಳಿಯಿತು.

ಆದರೆ ಮಾರುಕಟ್ಟೆಗೆ ಹೊಲಿಯೋದು ಬೇರೆ, ತನಗೆ ಹೊಲಿಯೋದು ಬೇರೆ. ಚೀಲ, ದಿಂಬಿನ ಕವರ್‌ಗೆ ಬಣ್ಣ, ನಮೂನೆ ಮೊದಲೇ ನಿಗದಿಯಾಗಿರುತ್ತೆ. ಕೈಗೆ ಕೂಲಿ ಸಿಗುತ್ತೆ, ಹೊಲಿಗೆಯೂ ಉಳಿಯುತ್ತೆ. ಅದು ಸಣ್ಣ ಮಾತಲ್ಲ. ಕಾಂಚಳಿಯ ತೋಳನ್ನು ಎಲ್ಲಿ ಮಡಿಚಬೇಕು, ಪೇಟಿಯಾದ ನೆರಿಗೆ ಎಷ್ಟು ಹಿಡಿಯಬೇಕು ಅನ್ನೋ ಕತ್ತರಿಯ ಲೆಕ್ಕ ಮಾತ್ರ ಚೀಲ ಹೊಲಿದರೆ ಬರಲ್ಲ. ಅದು ಉಡುಪು ಹೊಲಿದ ಅಜ್ಜಿಯ ಕೈಯಲ್ಲೇ ಇದೆ, ಅವರೊಂದಿಗೇ ಹೋಗುತ್ತೆ. ಇನ್ನೊಂದು ಕಡೆ ಹಳೇ ಕಾಂಚಳಿಗಳನ್ನು ಕಡಿಮೆ ದುಡ್ಡಿಗೆ ಕೊಂಡು, ಕತ್ತರಿಸಿ, ಪ್ರವಾಸಿಗರಿಗೆ ಚೀಲ ಮಾಡಿ ಮಾರುವ ವ್ಯಾಪಾರವೂ ಇದೆ. ಒಮ್ಮೆ ತುಂಡಾದರೆ ಅದನ್ನು ನೋಡಿ ಕಲಿಯೋದಕ್ಕೂ ಆಗಲ್ಲ.

ಇದೇ ಸೀಮೆಯ ಇನ್ನೊಂದು ಕೈಕೆಲಸ ಕಂಬಳಿ. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯಗಳ ಮೈಮೇಲೆ ಕರಿ ಕಂಬಳಿ ಇಲ್ಲದೆ ನಡೆಯಲ್ಲ. ನಮ್ಮ ಕುರಿಯ ಉಣ್ಣೆ ಒರಟು, ಎಳೆ ಗಿಡ್ಡ. ಅದಕ್ಕೇ ಇಲ್ಲಿ ಸ್ವೆಟರ್ ಹೆಣೆಯುವ ಬದಲು ನೂಲು ತೆಗೆದು, ಹುಣಸೆ ಬೀಜದ ಗಂಜಿ ಹಚ್ಚಿ ಮಗ್ಗದಲ್ಲಿ ನೇಯೋದು ಬೆಳೆದು ಬಂತು. ಮನೆಯಲ್ಲಿ ಹೆಣೆಯುವ ಟೋಪಿ, ಬಾಗಿಲ ತೋರಣದ ಉಲ್ಲನ್ ಅಂಗಡಿಯದ್ದು.

ಹೊಲಿಗೆ ಕಲಿಯಬೇಕೆನ್ನುವವರು ನೇರ ಕಾಂಚಳಿಗೆ ಕೈ ಹಾಕೋದು ಬೇಡ. ಎಲೆ–ಅಡಿಕೆ ಚೀಲ ಅಥವಾ ಒಂದು ಗೇಣು ಪಟ್ಟಿ ಸಾಕು. ದಾರ ಕೊಳ್ಳುವಾಗ ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡಿ, ಬಣ್ಣ ಬಿಡುವ ಕೆಂಪು ದಾರ ಇಡೀ ಕೆಲಸ ಕೆಡಿಸುತ್ತೆ. ಮನೆಯಲ್ಲಿ ಹಳೇ ಕಾಂಚಳಿ ಇದ್ದರೆ ಅದನ್ನು ಬಿಚ್ಚದೆ, ಒಳಮಗ್ಗುಲು ತಿರುಗಿಸಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಹೊಲಿಗೆ ಎಲ್ಲಿ ಶುರುವಾಗಿ ಎಲ್ಲಿ ತಿರುಗಿದೆ ಅನ್ನೋದು ಗೊತ್ತಾಗೋದು ಆ ಕಡೆಯೇ. ಟ್ರಂಕಿನಲ್ಲಿ ಇಡುವಾಗ ಪ್ಲಾಸ್ಟಿಕ್ ಕವರ್ ಬೇಡ, ಹಳೇ ಹತ್ತಿ ಸೀರೆಯಲ್ಲಿ ಸುತ್ತಿ, ಒಣಗಿದ ಬೇವಿನ ಎಲೆ ಹಾಕಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ನೆರಳಿನಲ್ಲಿ ಹರವಿ, ಬೇರೆ ಗೆರೆಗೆ ಮಡಿಚಿಡಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿಟ್ಟರೆ ಬಟ್ಟೆ ಸೀಳೋದು ಅಲ್ಲಿಂದಲೇ.